ಡಿವಿಡಿಗಾಗಿ ವಿಡಿಯೊ ಫೈಲುಗಳ ಪರಿವರ್ತನೆ ಮತ್ತು ಜೋಡಣೆ

ಬೇರೆ ಬೇರೆ ಕ್ಯಾಮೆರಾ, ಕ್ಯಾಸೆಟ್ ಅಥವಾ ಸಿಡಿಗಳಿಂದ ಬಂದ ವಿಡಿಯೊ ತುಣುಕುಗಳನ್ನು ಒಂದೇ ಮಾದರಿಗೆ ತಂದು, ಒಂದರ ಬೆನ್ನಿಗೆ ಒಂದನ್ನು ಹೊಂದಿಸಿ, ಟಿವಿಯ ಪ್ಲೇಯರ್‌ನಲ್ಲಿ ನಡೆಯುವಂತೆ ಡಿವಿಡಿಗೆ ಬರೆಯುವ ಈ ಕೆಲಸವು ಕರ್ನಾಟಕದ ಸಣ್ಣ ಊರುಗಳಲ್ಲಿ ಹೆಚ್ಚಾಗಿ ಮದುವೆ ವಿಡಿಯೊ ತೆಗೆಯುವ ಸ್ಟುಡಿಯೊಗಳ ಮೂಲಕ ಪರಿಚಿತವಾಯಿತು. ವನದುರ್ಗ, ಶಹಾಪುರ, ಸುರಪುರಗಳನ್ನೊಳಗೊಂಡ ಸಗರನಾಡಿನಂಥ ಪ್ರದೇಶದಲ್ಲಿ ಅರಿಷಿಣ, ಸುರಗಿ, ಅಕ್ಕಿಕಾಳು ಎಂಬ ಮದುವೆಯ ಶಾಸ್ತ್ರಗಳೂ ಮೆರವಣಿಗೆಯೂ ಬೇರೆ ಬೇರೆ ಹೊತ್ತಿನಲ್ಲಿ ನಡೆಯುವುದರಿಂದ ಒಂದು ಮದುವೆಯ ಚಿತ್ರಣವು ಹಲವು ತುಣುಕುಗಳಾಗಿಯೇ ಸ್ಟುಡಿಯೊಗೆ ಬರುತ್ತದೆ.

1976ರಲ್ಲಿ ಜಪಾನಿನ ಜೆವಿಸಿ ಕಂಪನಿ ಹೊರತಂದ ವಿಎಚ್‌ಎಸ್ ಕ್ಯಾಸೆಟ್ಟಿನ ಕಾಲದಲ್ಲಿ ಜೋಡಣೆಗೆ ಎರಡು ವಿಸಿಆರ್ ಬೇಕಾಗುತ್ತಿದ್ದವು: ಒಂದರಲ್ಲಿ ಮೂಲ ಓಡುತ್ತಿರುವಾಗ ಇನ್ನೊಂದು ಬೇಕಾದ ಭಾಗವನ್ನಷ್ಟೇ ಮುದ್ರಿಸಿಕೊಳ್ಳುತ್ತಿತ್ತು, ಮತ್ತು ಪ್ರತಿ ನಕಲಿನಲ್ಲೂ ಚಿತ್ರ ಮಸುಕಾಗುತ್ತಿತ್ತು. 1995ರಲ್ಲಿ ಬಂದ ಡಿವಿ (ಡಿಜಿಟಲ್ ವಿಡಿಯೊ) ಕ್ಯಾಸೆಟ್ ಈ ನಷ್ಟವನ್ನು ತಪ್ಪಿಸಿದರೂ ಹೊಸ ತೊಡಕನ್ನು ತಂದಿತು. ಫೈರ್‌ವೈರ್ ತಂತಿಯಿಂದ ಕಂಪ್ಯೂಟರಿಗೆ ಇಳಿಸಿದ ಒಂದು ಗಂಟೆಯ ಡಿವಿ ಚಿತ್ರಣಕ್ಕೆ ಸುಮಾರು 13 ಜಿಬಿ ಜಾಗ ಬೇಕಿತ್ತು. ಆದರೆ ಹಳೆಯ ಎವಿಐ ಫೈಲು 2 ಜಿಬಿಯನ್ನು, ಫ್ಯಾಟ್32 ಎಂಬ ಡಿಸ್ಕ್ ವ್ಯವಸ್ಥೆಯ ಫೈಲು 4 ಜಿಬಿಯನ್ನು ಮೀರುವಂತಿರಲಿಲ್ಲ. ಹೀಗಾಗಿ ಎಲ್ಲೂ ತಡೆಯದೆ ಚಿತ್ರೀಕರಿಸಿದ ಮೆರವಣಿಗೆಯೂ ಕಂಪ್ಯೂಟರಿನಲ್ಲಿ ಒಂಬತ್ತೋ ಹತ್ತೊಂಬತ್ತೋ ನಿಮಿಷಗಳ ಚೂರುಗಳಾಗಬಹುದಿತ್ತು. ಕಂಪ್ಯೂಟರಿನಲ್ಲಿ ಜೋಡಣೆಯು ಕಲೆಯ ಅಗತ್ಯಕ್ಕಿಂತ ಮೊದಲು ಫೈಲಿನ ಮಿತಿಯಿಂದ ಹುಟ್ಟಿದ ಅಗತ್ಯವಾಗಿತ್ತೆಂದರೆ ತಪ್ಪಾಗದು.

1996ರ ನವೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಡಿವಿಡಿಯ ನಿಯಮಗಳು ಬಿಗಿಯಾಗಿದ್ದವು. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಟಿವಿ ಪದ್ಧತಿಯ ಪೂರ್ಣ ಅಳತೆಯ ಚಿತ್ರ 720 × 576 ಬಿಂದುಗಳಷ್ಟಿದ್ದು, ಸೆಕೆಂಡಿಗೆ 25 ಫ್ರೇಮುಗಳಂತೆ ಓಡಬೇಕು. ಧ್ವನಿ 48 ಕಿಲೋಹರ್ಟ್ಸ್‌ನದಾಗಿರಬೇಕು. ಸಾಮಾನ್ಯವಾಗಿ ಬಳಸುವ ಸಂಕೋಚನ ವಿಧಾನವಾದ ಎಂಪೆಗ್-2, ಹಲವು ಫ್ರೇಮುಗಳಿಗೊಮ್ಮೆ ಮಾತ್ರ ಪೂರ್ಣ ಚಿತ್ರವನ್ನಿಟ್ಟು, ನಡುವಿನವುಗಳಲ್ಲಿ ಬದಲಾದ ಭಾಗವನ್ನಷ್ಟೇ ಬರೆಯುವುದರಿಂದ, ತುಣುಕನ್ನು ಎಲ್ಲೆಂದರಲ್ಲಿ ಕತ್ತರಿಸಿ ಅಂಟಿಸಿದರೆ ಚಿತ್ರ ಒಡೆಯುತ್ತದೆ. 4.7 ಜಿಬಿಯ ತಟ್ಟೆಯಲ್ಲಿ ಎರಡು ಗಂಟೆಯ ಚಿತ್ರಣ ಹಿಡಿಸಬೇಕಾದರೆ ಚಿತ್ರ ಮತ್ತು ಧ್ವನಿ ಸೇರಿ ಸೆಕೆಂಡಿಗೆ ಸರಾಸರಿ 5 ಮೆಗಾಬಿಟ್‌ನ ಆಸುಪಾಸಿನಲ್ಲಿರಬೇಕು. ಮೂರು ಗಂಟೆಯ ಮದುವೆಯನ್ನು ಅದೇ ತಟ್ಟೆಗೆ ತುರುಕಿದಾಗ ಕುಣಿತದ ದೃಶ್ಯಗಳು ಚೌಕಚೌಕವಾಗಿ ಒಡೆದು ಕಾಣುವುದಕ್ಕೆ ಕಾರಣ ಈ ಲೆಕ್ಕವೇ.

ಸಿನಿಮಾ ವಿಸಿಡಿಗಳ (ವಿಡಿಯೊ ಸಿಡಿಗಳ) ಜೋಡಣೆ ಇನ್ನೊಂದು ಬಗೆಯದು. 1993ರ ವಿಸಿಡಿಯಲ್ಲಿ 74 ನಿಮಿಷಗಳಷ್ಟೇ ಹಿಡಿಯುತ್ತಿದ್ದುದರಿಂದ ಎರಡೂವರೆ ಗಂಟೆಯ ಕನ್ನಡ ಚಿತ್ರವನ್ನು ಎರಡು ಮೂರು ತಟ್ಟೆಗಳಿಗೆ ಹಂಚಬೇಕಾಗುತ್ತಿತ್ತು. ಅದರ 352 × 288 ಅಳತೆಯ ಎಂಪೆಗ್-1 ಚಿತ್ರವನ್ನು ಡಿವಿಡಿ ನಿಯಮವೂ ಒಪ್ಪುತ್ತದೆಯಾದ್ದರಿಂದ ಧ್ವನಿಯನ್ನು 44.1ರಿಂದ 48 ಕಿಲೋಹರ್ಟ್ಸ್‌ಗೆ ಬದಲಿಸಿದರೆ ಸಾಕಾಗುತ್ತಿತ್ತು. ಇದನ್ನರಿಯದವರು ಚಿತ್ರವನ್ನೂ ಮತ್ತೆ ಸಂಕೋಚಿಸಿ, ಮೊದಲೇ ಮಂಕಾದುದನ್ನು ಇನ್ನಷ್ಟು ಕೆಡಿಸುತ್ತಿದ್ದರು. ಮೋಸರ್ ಬೇರ್ ಕಂಪನಿ ಸಿನಿಮಾ ಡಿವಿಡಿಯನ್ನೇ 34 ರೂಪಾಯಿಗೆ ಮಾರತೊಡಗಿದ ಮೇಲೆ ಇಂಥ ಜೋಡಣೆಗೆ ಅಷ್ಟಾಗಿ ಅರ್ಥ ಉಳಿಯಲಿಲ್ಲ.

ಇಂಥ ಪರಿವರ್ತನೆಯ ಸಲಕರಣೆಗಳಲ್ಲಿ 2000ರಲ್ಲಿ ಆರಂಭವಾದ ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶದ ಪಾತ್ರ ದೊಡ್ಡದು; ಬಳಕೆದಾರರಿಗೆ ಅದರ ಹೆಸರು ತಿಳಿಯದಿದ್ದರೂ ಹಲವು ಉಚಿತ ಪರಿವರ್ತಕಗಳ ಒಳಗೆ ಕೆಲಸ ಮಾಡುವುದು ಅದೇ. ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಿಗೆ ಕಳುಹಿಸುವ ಡಿವಿಡಿಗೆ ಅಲ್ಲಿನ ಎನ್‌ಟಿಎಸ್‌ಸಿ ಪದ್ಧತಿಯ 29.97 ಫ್ರೇಮುಗಳ ವೇಗಕ್ಕೆ ಮತ್ತೊಂದು ಪರಿವರ್ತನೆ ಬೇಕಾಗುತ್ತಿತ್ತು.

ಪೆನ್‌ಡ್ರೈವ್ ಮತ್ತು ಮೊಬೈಲು ಬಂದ ಮೇಲೆ ಈಗ ಸ್ಟುಡಿಯೊಗಳಿಗೆ ಬರುವ ಕೆಲಸ ತಿರುಗುಮುರುಗಾಗಿದೆ: ಹಳೆಯ ಮದುವೆ ಡಿವಿಡಿಯೊಳಗೆ ಹೆಚ್ಚೆಂದರೆ 1 ಜಿಬಿಯಂತೆ ಹಂಚಿಹೋಗಿರುವ ವಿಒಬಿ ಫೈಲುಗಳನ್ನು ಕ್ರಮ ತಪ್ಪದಂತೆ ಕೂಡಿಸಿ, ಎಂಪಿ4 ಮಾಡಿ ಕೊಡಬೇಕಾಗುತ್ತದೆ.