ಮೈಸೂರಿನ ಬಾಣವೂ ಕಾಂಗ್ರೀವನ ರಾಕೆಟ್ಟೂ

ಬಾಣವೆಂಬ ಶಬ್ದಕ್ಕೆ ಬಿಲ್ಲಿನಿಂದ ಎಸೆಯುವ ಶರವೆಂಬ ಅರ್ಥವಲ್ಲದೆ, ಮದ್ದಿನ ಬಲದಿಂದ ತಾನಾಗಿಯೇ ಹಾರುವ ಆಯುಧವೆಂಬ ಅರ್ಥವೂ ಉಂಟು. ಜಾತ್ರೆ ಉತ್ಸವಗಳ ಬಾಣಬಿರುಸುಗಳಲ್ಲಿ ಈ ಎರಡನೆಯ ಅರ್ಥವೇ ಉಳಿದುಬಂದಿದೆ. ಈ ಭೇದವನ್ನು ಮರೆತು, ಪುರಾಣಕಾವ್ಯಗಳ ಆಗ್ನೇಯಾಸ್ತ್ರವೇ ರಾಕೆಟ್ಟೆಂದು ಸಾಧಿಸಹೊರಡುವವರು ಇದ್ದಾರೆ. ಕವಿಕಲ್ಪನೆಯ ಮೇಲೆ ಯಂತ್ರಶಾಸ್ತ್ರದ ಭಾರವನ್ನು ಹೊರಿಸುವುದು ಕಾವ್ಯಕ್ಕೂ ಸಲ್ಲದು, ಇತಿಹಾಸಕ್ಕೂ ಸಲ್ಲದು. ಅದು ಅನಾವಶ್ಯಕವೂ ಹೌದು. ಏಕೆಂದರೆ 18ನೆಯ ಶತಮಾನದ ಮೈಸೂರ ಬಾಣಗಳ ವಿಷಯದಲ್ಲಿ ಕಬ್ಬಿಣದ ಸಾಕ್ಷ್ಯವೇ ದೊರೆಯುತ್ತದೆ.

ಮದ್ದಿನ ಬಾಣವು ಮೈಸೂರಿನಲ್ಲಿ ಹುಟ್ಟಿದುದಲ್ಲ. ಸಿಡಿಮದ್ದನ್ನು ಮೊದಲು ಮಾಡಿದವರು ಚೀನೀಯರು. ಮೈಸೂರಿಗಿಂತ ಮುಂಚೆಯೇ ಮೊಗಲರ ದಂಡುಗಳಲ್ಲಿ ಬಾಣಗಳಿದ್ದವು. ಅದರ ತತ್ತ್ವವೂ ಸರಳವಾದುದೇ. ಪೆಟ್ಲುಪ್ಪು, ಗಂಧಕ, ಇದ್ದಲು ಇವುಗಳ ಮಿಶ್ರಣವೇ ಮದ್ದು. ಉರಿಯುವುದಕ್ಕೆ ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪೇ ಒದಗಿಸುವುದರಿಂದ, ಒಂದು ತುದಿ ಮುಚ್ಚಿದ ಕೊಳವೆಯೊಳಗೂ ಅದು ಉರಿಯಬಲ್ಲುದು. ಹುಟ್ಟಿದ ಅನಿಲವು ಹಿಂದಿನ ಕಂಡಿಯಿಂದ ರಭಸವಾಗಿ ಹೊರನುಗ್ಗಿದಂತೆ ಕೊಳವೆಯು ಮುಂದಕ್ಕೆ ನೂಕಲ್ಪಡುತ್ತದೆ. ನ್ಯೂಟನನು 1687ರಲ್ಲಿ ಪ್ರಕಟಿಸಿದ ಮೂರನೆಯ ಚಲನನಿಯಮವು ಇದೇ. ಬಾಣವು ಹಿಂದಿನ ಗಾಳಿಯನ್ನು ಒದ್ದು ಮುಂದೆ ಹೋಗುತ್ತದೆಂಬ ತಿಳಿವಳಿಕೆ ಸರಿಯಲ್ಲ. ಗಾಳಿಯು ಅದಕ್ಕೆ ಅಡ್ಡಿಯೇ ಹೊರತು ಆಸರೆಯಲ್ಲ.

ಹೈದರಾಲಿ ಮತ್ತು ಟೀಪೂ ಸುಲ್ತಾನರ ಕಾಲದ ಕಮ್ಮಾರರು ಸಾಧಿಸಿದ ಹೊಸತನವು ಕೊಳವೆಯಲ್ಲಿದೆ. ಕಾಗದದ ಅಥವಾ ಬಿದಿರಿನ ಕೊಳವೆಯೊಳಗೆ ಒತ್ತಡ ಏರಿದರೆ ಅದು ಒಡೆದುಹೋಗುವುದು. ಇವರು ಬಡಿದ ಮೆದುಕಬ್ಬಿಣದ ಕೊಳವೆಯನ್ನು ಬಳಸಿದರು. ಕಬ್ಬಿಣವು ಹೆಚ್ಚಿನ ಒತ್ತಡವನ್ನು ತಾಳುವುದರಿಂದ ಮದ್ದನ್ನು ಒತ್ತಾಗಿ ತುಂಬಬಹುದಾಯಿತು. ಒತ್ತಡ ಏರಿದಷ್ಟೂ ಮದ್ದು ಬೇಗ ಉರಿದು ಅನಿಲದ ವೇಗವೂ ನೂಕುಬಲವೂ ಹೆಚ್ಚಿದವು. ಇಂಗ್ಲೆಂಡಿನ ವುಲ್ವಿಚ್ಚಿನ ಸಂಗ್ರಹವನ್ನು ಸೇರಿದ ಎರಡು ಮಾದರಿಗಳಲ್ಲಿ ದೊಡ್ಡದರ ಕೊಳವೆ 58 ಮಿಲಿಮೀಟರು ದಪ್ಪ, 254 ಮಿಲಿಮೀಟರು ಉದ್ದವಿದ್ದು, ಅದನ್ನು ಸುಮಾರು ಒಂದು ಮೀಟರಿನ ಕತ್ತಿಯ ಅಲಗಿಗೆ ಬಿಗಿಯಲಾಗಿದೆ. ಚಿಕ್ಕದಕ್ಕೆ ಬಿದಿರ ಗಳು ಇದೆ. ಈ ಬಾಲವು ಅಲಂಕಾರಕ್ಕಾಗಿ ಇಟ್ಟುದಲ್ಲ. ಬಾಣವು ಹಾರುವಾಗ ಮಗುಚಿಕೊಳ್ಳದಂತೆ ತಡೆಯುವುದೇ ಅದರ ಕೆಲಸ.

ಟೀಪುವಿನ ಆಜ್ಞೆಯಂತೆ ರಚಿತವಾದ ‘ಫತ್‌ಹುಲ್ ಮುಜಾಹಿದೀನ್’ ಎಂಬ ಸೇನಾಗ್ರಂಥವು ಬಾಣಗಾರರಿಗೂ ದಳಗಳಲ್ಲಿ ಸ್ಥಾನವನ್ನು ಗೊತ್ತುಮಾಡಿದೆ. ಬೆಂಗಳೂರಿನ ತಾರಾಮಂಡಲಪೇಟೆಯ ಹೆಸರು ಈ ಕಸಬಿನೊಡನೆ ಸೇರಿಬಂದಿದೆ. ಕಸಬಿನ ಹೆಸರು ಉಳಿಯಿತು, ಕಸಬುಗಾರರ ಹೆಸರುಗಳು ಉಳಿಯಲಿಲ್ಲ!

1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆಯು ನಾಶವಾಯಿತು. ಅಲ್ಲಿ ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದುದನ್ನು ಶ್ರೀರಂಗಪಟ್ಟಣದ ದರಿಯಾ ದೌಲತಿನ ಭಿತ್ತಿಚಿತ್ರದಲ್ಲಿ ಇಂದಿಗೂ ನೋಡಬಹುದು. ಸಿಡಿಸಿದುದು ಬಾಣವೋ ಫಿರಂಗಿಯ ಗುಂಡೋ ಎಂಬುದರಲ್ಲಿ ಒಮ್ಮತವಿಲ್ಲದ ಕಾರಣ, ಬಾಣದ ಮಹಿಮೆಯನ್ನು ಈ ಒಂದು ಘಟನೆಯ ಮೇಲೆ ನಿಲ್ಲಿಸುವುದು ಯುಕ್ತವಲ್ಲ. 1799ರ ಏಪ್ರಿಲ್ 5ರ ರಾತ್ರಿಯ ಪ್ರಸಂಗವು ಹೆಚ್ಚು ಸ್ಪಷ್ಟವಾಗಿದೆ. ಶ್ರೀರಂಗಪಟ್ಟಣದ ಬಳಿಯ ಸುಲ್ತಾನಪೇಟೆಯ ತೋಪಿಗೆ ನುಗ್ಗಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಕತ್ತಲೆಯಲ್ಲಿ ಬಾಣಗಳ ಮತ್ತು ತುಪಾಕಿಗಳ ಹೊಡೆತಕ್ಕೆ ಸಿಕ್ಕಿ ಹಿಮ್ಮೆಟ್ಟಬೇಕಾಯಿತು. ಮರುದಿನ ಹಗಲಿನಲ್ಲಿ ತೋಪು ಇಂಗ್ಲಿಷರ ವಶವಾಯಿತು. ಮೇ 4ರಂದು ಕೋಟೆಯೂ ಬಿದ್ದಿತು. ಗುರಿ ನಿಖರವಿಲ್ಲದ ಈ ಆಯುಧವು ಗುಂಪಾಗಿ ನಿಂತ ಪಡೆಯನ್ನೂ ಕುದುರೆಗಳನ್ನೂ ಬೆದರಿಸಬಲ್ಲುದಾಗಿತ್ತೇ ಹೊರತು ಮುತ್ತಿಗೆಯನ್ನು ಮುರಿಯಬಲ್ಲುದಾಗಿರಲಿಲ್ಲ.

ಐದು ವರ್ಷಗಳ ತರುವಾಯ, 1804ರ ಸುಮಾರಿಗೆ, ವಿಲಿಯಂ ಕಾಂಗ್ರೀವನು ಇಂಗ್ಲೆಂಡಿನಲ್ಲಿ ಪ್ರಯೋಗಗಳನ್ನು ಆರಂಭಿಸಿದನು. 1806ರಲ್ಲಿ ಬೂಲೋನ್, 1807ರಲ್ಲಿ ಕೋಪನ್‌ಹೇಗನ್, 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಆತನ ರಾಕೆಟ್ಟುಗಳ ಹೊಡೆತವನ್ನು ಕಂಡವು. ಇವು ಮೈಸೂರಿನ ನಕಲೆಂದು ಒಂದು ಪಕ್ಷ, ಸ್ವತಂತ್ರ ಶೋಧನೆಯೆಂದು ಇನ್ನೊಂದು ಪಕ್ಷ. ಎರಡೂ ಅತಿಯೆನ್ನಬೇಕು. ಇಂಡಿಯಾದಲ್ಲಿ ಯುದ್ಧದ ರಾಕೆಟ್ಟುಗಳಿವೆಯೆಂದು ತಾನು ಬಲ್ಲೆನೆಂದೂ, ಆದರೆ ಅವು ಚಿಕ್ಕವು, ಅವುಗಳ ಎಟುಕು ಸಾವಿರ ಗಜವನ್ನು ಮೀರದೆಂದೂ ಕಾಂಗ್ರೀವನೇ ಬರೆದಿದ್ದಾನೆ. ಕಡಿಮೆಮಾಡಿ ಹೇಳುವುದಕ್ಕೆಂದು ಆಡಿದ ಈ ಮಾತೇ ಋಣದ ಒಪ್ಪಿಗೆಯಾಗಿದೆ. ಲಂಡನ್ನಿನಲ್ಲಿ ಆಗ ದೊರೆಯುತ್ತಿದ್ದ ಬಾಣಗಳು ಆರುನೂರು ಗಜಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ಆದರೆ ಅಳೆದು, ತೂಗಿ, ಒಂದೇ ಪ್ರಮಾಣದ ಕೊಳವೆಗಳನ್ನು ಬೇರೆಬೇರೆ ತೂಕಗಳಲ್ಲಿ ಮಾಡಿಸಿ, ಫಲವನ್ನು ಬರೆದಿಟ್ಟು ಸುಧಾರಿಸಿದ ಶ್ರಮವು ಕಾಂಗ್ರೀವನದೇ. ಅವನ ದೊಡ್ಡ ರಾಕೆಟ್ಟುಗಳು ಮೂರು ಸಾವಿರ ಗಜವನ್ನು ಮುಟ್ಟಿದವು. ಮೈಸೂರಿನಲ್ಲಿ ಕೈಗೆ ಗೊತ್ತಿದ್ದುದು ವುಲ್ವಿಚ್ಚಿನಲ್ಲಿ ಕಾಗದಕ್ಕೆ ಇಳಿಯಿತು.

ಈ ಬಾಣಗಳ ಸಾಕ್ಷ್ಯವು ಬಹುಕಾಲ ಇಂಗ್ಲಿಷರ ಬರಹಗಳಿಗೂ ಅವರು ಒಯ್ದ ಮಾದರಿಗಳಿಗೂ ಸೀಮಿತವಾಗಿದ್ದಿತು. ಹೈದರನು 1763ರಲ್ಲಿ ಗೆದ್ದು ಹೈದರನಗರವೆಂದು ಹೆಸರಿಟ್ಟ ಬಿದನೂರೇ ಇಂದಿನ ಶಿವಮೊಗ್ಗ ಜಿಲ್ಲೆಯ ನಗರ. ಅಲ್ಲಿಯ ಪಾಳುಬಾವಿಯೊಂದರ ಹೂಳಿನಲ್ಲಿ 2002ರಲ್ಲಿ ಕೆಲವು ಕಬ್ಬಿಣದ ಕೊಳವೆಗಳು ಸಿಕ್ಕಿದ್ದವು. 2018ರ ಜುಲೈ ತಿಂಗಳಿನಲ್ಲಿ ಪುರಾತತ್ತ್ವ ಇಲಾಖೆಯವರು ಅಗೆಸಿದಾಗ ಸಾವಿರಕ್ಕೂ ಹೆಚ್ಚು ಹೊರಬಂದವು. ಅವುಗಳ ಉದ್ದ 23ರಿಂದ 26 ಸೆಂಟಿಮೀಟರೆಂದು ವರದಿಯಾಯಿತು; ವುಲ್ವಿಚ್ಚಿನ ದೊಡ್ಡ ಮಾದರಿಯ ಅಳತೆಯೂ ಇದರೊಳಗೇ ಬರುತ್ತದೆ.