ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ: ಬಳ್ಳಾರಿ ಸೀಮೆಯ ಹಿರಿಯರಿಗೆ ಕಡಿಮೆ ಬೆಲೆಯ ಕಿವಿಯಂತ್ರದ ಆಯ್ಕೆ

ಸಿರುಗುಪ್ಪದ ಒಂದು ಮನೆಯಲ್ಲಿ ಕಿವಿಗೆ ಬಿದ್ದ ಮಾತುಕತೆಯಿಂದ ಈ ಲೇಖನ ಹುಟ್ಟಿತು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅತ್ತಿ, ಹಾಲು ಕಾಸ್ಲೇನ್ರಿ?” ಎಂದಳು. ಎಪ್ಪತ್ತು ದಾಟಿದ ಅತ್ತೆ, “ಏನಂದಿ?” ಎಂದರು. ಸೊಸೆ ದನಿ ಏರಿಸಿದಳು. “ಯಾಕಷ್ಟು ಒದರ್ತಿ? ನನಗೇನು ಕೇಳಂಗಿಲ್ಲೇನು?” ಎಂದು ಅತ್ತೆ ಮುಖ ಕಿವುಚಿದರು. ಆಮೇಲೆ ಒಂದು ಕ್ಷಣ ಯೋಚಿಸಿ, “ಪಾಲಿನ ಮಾತು ನನ್ನ ಕೇಳಬ್ಯಾಡ, ನಿನ್ನ ಗಂಡನ್ನ ಕೇಳು” ಎಂದರು. ಹೊಲದ ಪಾಲಿನ ವಿಚಾರ ಆ ಮನೆಯಲ್ಲಿ ಆಗಷ್ಟೇ ಎದ್ದಿತ್ತು. ಸೊಸೆ ನಗಲಿಲ್ಲ, ಬೇಸರಿಸಲೂ ಇಲ್ಲ. ಹಾಲಿನ ಪಾತ್ರೆಯನ್ನೇ ತಂದು ಅತ್ತೆಯ ಮುಂದೆ ಹಿಡಿದಳು. ಅತ್ತೆಯ ಕೊರಳಲ್ಲಿ ಪೇಟೆಯಿಂದ ತಂದ ಪಾಕೆಟ್ ಮಿಷಿನ್ ತೂಗುತ್ತಿತ್ತು. ಅದು ಚಾಲೂ ಇತ್ತು.

“ಏನಂದಿ?”, “ಯಾಕಷ್ಟು ಒದರ್ತಿ?”, “ಪಾಲಿನ ಮಾತು ಕೇಳಬ್ಯಾಡ”: ಮುಪ್ಪಿನ ಕಿವಿಮಂದತೆಯ ಮೂರೂ ಮುಖಗಳು ಈ ಮೂರು ಮಾತಿನಲ್ಲಿವೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಲ್ಲಿ ಜನ ‘ಕಿವಿ ಮಿಷಿನ್’ ಕೊಳ್ಳುವಾಗ ಕೇಳುವುದು ಮಾತ್ರ ಒಂದೇ ಪ್ರಶ್ನೆ: “ಸೌಂಡು ಎಷ್ಟು ಬರ್ತೈತಿ?” ಅದು ಎಲ್ಲಕ್ಕಿಂತ ಕೊನೆಗೆ ಕೇಳಬೇಕಾದ ಪ್ರಶ್ನೆ ಎಂಬುದು ನನ್ನ ವಾದ. ಯಂತ್ರ ಯಾವ ಸ್ಥಾಯಿಯ ಸದ್ದನ್ನು ಎತ್ತುತ್ತದೆ, ಎಲ್ಲಿ ತಡೆಯುತ್ತದೆ, ಕನ್ನಡದ ವ್ಯಂಜನಗಳನ್ನು ಕಿವಿಗೆ ಮುಟ್ಟಿಸುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ಇದನ್ನು ನೋಡಲು ದೊಡ್ಡ ಉಪಕರಣ ಬೇಕಿಲ್ಲ. ಮನೆಮಾತು ಸಾಕು.

ಒಳಕಿವಿಯ ಕಾಕ್ಲಿಯ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿದೆ. ಅದರ ಬುಡದ ರೋಮಕೋಶಗಳು ಏರುಸ್ಥಾಯಿಯ ಸದ್ದನ್ನು ಹಿಡಿದರೆ ತುದಿಯವು ಇಳಿಸ್ಥಾಯಿಯದನ್ನು ಹಿಡಿಯುತ್ತವೆ. ವಯಸ್ಸಾದಂತೆ ಮೊದಲು ಸವೆಯುವುದು ಬುಡದ ಕೋಶಗಳು. ಸ್ವರಗಳ ಬಲ ಬಹುಪಾಲು 1000 ಹರ್ಟ್ಸ್‌ನ ಆಸುಪಾಸಿನಲ್ಲಿ ಮತ್ತು ಅದರ ಕೆಳಗೆ ಇರುವುದರಿಂದ ಅವು ಉಳಿಯುತ್ತವೆ. ‘ಸ’ಕಾರದ ಸೀಟಿಯಂಥ ಸದ್ದು 4000 ಹರ್ಟ್ಸ್‌ನ ಮೇಲೆ, ‘ಶ’ಕಾರದ್ದು ಅದಕ್ಕಿಂತ ತುಸು ಕೆಳಗೆ, ಕ, ತ, ಪಗಳದ್ದು ಕಣ್ಣೆವೆ ಮುಚ್ಚುವಷ್ಟರಲ್ಲಿ ಮುಗಿಯುವ ಸಣ್ಣ ಸಿಡಿತ. ಇವು ಜಾರಿಹೋಗುತ್ತವೆ. ಈ ಸೀಮೆಯಲ್ಲಿ ಇದಕ್ಕೆ ದುಡಿಮೆಯೂ ಕೂಡಿಕೊಳ್ಳುತ್ತದೆ. ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಸಿರುಗುಪ್ಪದಲ್ಲಿ ಬೆಳೆದ ಅಕ್ಕಿ ಗಿರಣಿಗಳು, ಬಳ್ಳಾರಿಯ ಹತ್ತಿ ಜಿನ್ನಿಂಗ್ ಗಿರಣಿಗಳು ಮತ್ತು ಜೀನ್ಸ್ ಹೊಲಿಗೆ ಘಟಕಗಳು, ಸಂಡೂರಿನ ಗಣಿಗಳು: ಇಂಥ ಕಡೆ ಮೂವತ್ತು ವರ್ಷ ದುಡಿದ ಕಿವಿಗೆ ಗದ್ದಲದ ಮೊದಲ ಪೆಟ್ಟು ಬೀಳುವುದೂ 4000 ಹರ್ಟ್ಸ್‌ನ ಸುತ್ತಲೇ. ವಯಸ್ಸು ಮತ್ತು ಕಸುಬು ಒಂದೇ ಜಾಗವನ್ನು ಸವೆಸುತ್ತವೆ.

ಇಲ್ಲಿ ಕನ್ನಡದ ರಚನೆಯ ಕಡೆ ಸ್ವಲ್ಪ ನಿಲ್ಲಬೇಕು. ಕಿವಿಯಂತ್ರದ ಬಗೆಗಿನ ಬರಹಗಳು ಹೆಚ್ಚಾಗಿ ಇಂಗ್ಲಿಷಿನ ಅನುಭವವನ್ನು ಆಧರಿಸಿವೆ. ಇಂಗ್ಲಿಷಿನಲ್ಲಿ ಬಹುವಚನವನ್ನು ಹೊರುವುದು ಪದದ ಕೊನೆಯ ‘ಸ್’. ಕಿವಿ ಮಂದವಾದಾಗ ಅಲ್ಲಿ ವ್ಯಾಕರಣವೇ ಸವೆಯುತ್ತದೆ. ಕನ್ನಡದ ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ. ‘ಅನ್ನು’, ‘ಇಂದ’, ‘ಗೆ’, ‘ಅಲ್ಲಿ’, ಬಹುವಚನದ ‘ಗಳು’ ಎಲ್ಲವೂ ಸ್ವರ, ಅನುನಾಸಿಕ, ಘೋಷಾಕ್ಷರಗಳಿಂದಾದವು, ಇಳಿಸ್ಥಾಯಿಯವು. ಹಾಗಾಗಿ ನಮ್ಮ ಹಿರಿಯರಿಗೆ ವಾಕ್ಯದ ಬಾಲ ಸಿಗುತ್ತದೆ, ತಲೆ ಸಿಗುವುದಿಲ್ಲ. ಯಾರಿಗೋ ಏನೋ ಕೊಟ್ಟರು ಎಂಬಷ್ಟು ತಿಳಿದು, ಏನು ಎಂಬುದು ತಪ್ಪಿಹೋಗುತ್ತದೆ. ಹಾಲು, ಪಾಲು, ಕಾಲು, ಸಾಲು: ನಾಲ್ಕರಲ್ಲೂ ‘ಆಲು’ ಗಟ್ಟಿಯಾಗಿ ಕೇಳುತ್ತದೆ, ಅರ್ಥವನ್ನು ಬೇರೆ ಮಾಡುವ ಮೊದಲಕ್ಷರ ಕಿವಿಗೆ ಬೀಳುವುದಿಲ್ಲ. ಬಳ್ಳಾರಿ ಸೀಮೆಯ ಆಡುಮಾತಿನಲ್ಲಿ ಕೊನೆಯ ಉಕಾರವೂ ತೇಲಿಹೋಗುವುದರಿಂದ ಉಳಿಯುವುದು ಬರಿಯ ‘ಆಲ್’. ಮೇಲಾಗಿ ಇದು ಎರಡು ಮಾತಿನ ನೆಲ. ಹಳಗನ್ನಡದ ‘ಪಾಲ್’ ನಮ್ಮಲ್ಲಿ ‘ಹಾಲು’ ಆಯಿತು, ತೆಲುಗಿನಲ್ಲಿ ಅದು ಇಂದಿಗೂ ‘ಪಾಲು’. ಎರಡೂ ನುಡಿ ಆಡುವ ಮನೆಯ ಹಿರಿಯರ ಮನಸ್ಸು ಮೊದಲಕ್ಷರದ ಜಾಗಕ್ಕೆ ಸಂದರ್ಭದಿಂದ ಏನನ್ನಾದರೂ ಹಾಕಿಕೊಳ್ಳಲೇಬೇಕು. ಆ ಅತ್ತೆ ಮಾಡಿದ್ದು ಅದನ್ನೇ. ಅವರ ಬುದ್ಧಿ ಚುರುಕಾಗಿತ್ತು. ಮನೆಯಲ್ಲಿ ನಡೆಯುತ್ತಿದ್ದ ಮಾತಿಗೆ ಹೊಂದುವ ಪದವನ್ನೇ ಆರಿಸಿದರು. ಇಂಥದ್ದನ್ನು ಅರಳುಮರಳು ಎಂದು ಕರೆಯುವ ಮನೆಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

“ಯಾಕಷ್ಟು ಒದರ್ತಿ?” ಎಂಬುದಕ್ಕೆ ಕಾರಣ ಬೇರೆ. ರೋಮಕೋಶಗಳು ಸವೆದ ಕಿವಿಯಲ್ಲಿ ಮೆಲ್ಲನೆಯ ಸದ್ದು ಕೇಳುವುದೇ ಇಲ್ಲ. ಆದರೆ ಕೇಳಲು ತೊಡಗಿದ ಮೇಲೆ ತುಸು ಏರಿಸಿದರೂ ಸದ್ದು ಒಮ್ಮೆಲೇ ಅಬ್ಬರವಾಗುತ್ತದೆ. ಕೇಳಿಸದ ಮಟ್ಟಕ್ಕೂ ನೋಯಿಸುವ ಮಟ್ಟಕ್ಕೂ ನಡುವಿನ ದಾರಿ ಕಿರಿದಾಗುತ್ತದೆ. ಎಲ್ಲ ಸದ್ದನ್ನೂ ಒಂದೇ ಪ್ರಮಾಣದಲ್ಲಿ ಹೆಚ್ಚಿಸುವ ಯಂತ್ರ ಈ ಕಿರಿದಾರಿಯಲ್ಲಿ ನಡೆಯಲಾರದು. ಮೆಲ್ಲನೆಯದನ್ನು ಹೆಚ್ಚು, ಜೋರಾದುದನ್ನು ಕಡಿಮೆ ಎತ್ತುವ ಗುಣ ಬೇಕು. ಮಾರುವವರ ಮಾತಿನಲ್ಲಿ ಅದು ‘ಕಂಪ್ರೆಷನ್’. ಅದಿಲ್ಲದ ಯಂತ್ರ ತೊಟ್ಟವರು ಪಾತ್ರೆ ಬಿದ್ದ ಸದ್ದಿಗೆ, ಲಾರಿ ಹಾರ್ನಿಗೆ ಬೆಚ್ಚಿ, ಎರಡೇ ದಿನದಲ್ಲಿ ಅದನ್ನು ಪೆಟ್ಟಿಗೆಯೊಳಗೆ ಇಟ್ಟುಬಿಡುತ್ತಾರೆ.

ಅಗ್ಗದ ಯಂತ್ರಗಳ ಬಗ್ಗೆ ನಡೆದಿರುವ ಅಳತೆಗಳು ಈ ಅನುಭವಕ್ಕೆ ಹೊಂದುತ್ತವೆ. ಅಮೆರಿಕದಲ್ಲಿ ಕ್ಯಾಲವೇ ಮತ್ತು ಪಂಚ್ 2008ರಲ್ಲಿ ಅಂಗಡಿಯಲ್ಲಿ ನೇರವಾಗಿ ಸಿಗುವ 11 ಯಂತ್ರಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ತೀರ ಕಡಿಮೆ ಬೆಲೆಯವು ಇಳಿಸ್ಥಾಯಿಯನ್ನೇ ಹೆಚ್ಚಿಸುತ್ತಿದ್ದವು. ಹಾಂಗ್‌ಕಾಂಗ್‌ನ ಚಾನ್ ಮತ್ತು ಮ್ಯಾಕ್‌ಫರ್ಸನ್ 2015ರಲ್ಲಿ ಇದೇ ಪರೀಕ್ಷೆ ನಡೆಸಿ, ಹಿಂದಿನ ಹತ್ತು ವರ್ಷ ಈ ವಿಷಯದಲ್ಲಿ ವ್ಯರ್ಥವಾದವು ಎಂಬರ್ಥದ ಶೀರ್ಷಿಕೆಯನ್ನೇ ಕೊಟ್ಟರು. ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ನಿಕೊಲಸ್ ರೀಡ್ ಮತ್ತು ಸಂಗಡಿಗರು 2017ರಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ. ಕಿವಿ ಮಂದವಾದ 42 ಹಿರಿಯರಿಗೆ ಗದ್ದಲದ ನಡುವೆ ವಾಕ್ಯಗಳನ್ನು ಕೇಳಿಸಲಾಯಿತು. ಯಂತ್ರವಿಲ್ಲದೆ ಶೇ. 77ರಷ್ಟು ಸರಿಯಾಗಿ ಹೇಳಿದವರು, ತಜ್ಞರು ಹೊಂದಿಸಿದ ದುಬಾರಿ ಕಿವಿಯಂತ್ರದಿಂದ ಶೇ. 88ಕ್ಕೆ ಏರಿದರು. ಅಂಗಡಿಯಲ್ಲಿ ನೇರವಾಗಿ ಸಿಗುವ ಸುಮಾರು 350 ಡಾಲರಿನ ಆಂಪ್ಲಿಫೈಯರ್‌ಗಳು ಅದರ ಹತ್ತಿರಕ್ಕೆ ಬಂದವು. ಆದರೆ 30 ಡಾಲರಿನದನ್ನು ಹಾಕಿಕೊಂಡಾಗ ಫಲ ಶೇ. 65ಕ್ಕೆ ಇಳಿಯಿತು. ಬರಿಗಿವಿಗೆ ಸಿಗುತ್ತಿದ್ದ ಮಾತನ್ನೂ ಆ ಯಂತ್ರ ಕಸಿದುಕೊಂಡಿತು.

ಹಾಗಾದರೆ ಅಗ್ಗ ಎಂದರೆ ಕೆಟ್ಟದ್ದೇ? ಅಲ್ಲ. ಜಾರ್ಜಿಯಾ ಟೆಕ್‌ನ ಸಾದ್ ಭಾಮ್ಲಾ ಅವರ ತಂಡ 2020ರಲ್ಲಿ ‘ಲೋಕ್‌ಏಡ್’ ಎಂಬ ಯಂತ್ರದ ವಿನ್ಯಾಸ ಪ್ರಕಟಿಸಿತು. ಸಗಟಿನಲ್ಲಿ ಕೊಂಡರೆ ಅದರ ಬಿಡಿಭಾಗಗಳಿಗೆ ಒಂದು ಡಾಲರೂ ಆಗದು. ಮುಪ್ಪಿನ ಕಿವಿಮಂದತೆಯೊಂದನ್ನೇ ಗುರಿಯಾಗಿಟ್ಟು, 1000 ಹರ್ಟ್ಸ್‌ಗಿಂತ ಮೇಲಿನ ಸದ್ದನ್ನು ಎತ್ತಿ ಕೆಳಗಿನದನ್ನು ತಗ್ಗಿಸುವಂತೆ ಅದನ್ನು ರೂಪಿಸಿದರು. ಸದ್ದನ್ನು ಆಯ್ದು ಎತ್ತುವುದಕ್ಕೆ ಹೆಚ್ಚು ಖರ್ಚು ಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎಲ್ಲಿ ತಡೆಯಬೇಕು ಎಂಬುದಕ್ಕೂ ಒಂದು ಅಳತೆಗೋಲಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಅಕ್ಟೋಬರ್ 17ರಿಂದ, ವೈದ್ಯರ ಚೀಟಿಯಿಲ್ಲದೆ ಮಾರುವ ಕಿವಿಯಂತ್ರಗಳ ಗರಿಷ್ಠ ಸದ್ದಿಗೆ 111 ಡೆಸಿಬೆಲ್ ಮಿತಿ ಹಾಕಿದೆ. ಕಂಪ್ರೆಷನ್ ಇದ್ದರೆ 117. ಪೆಟ್ಟಿಗೆಯ ಮೇಲೆ 130 ಡೆಸಿಬೆಲ್ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರೆ ಅದು ಹೆಗ್ಗಳಿಕೆಯಲ್ಲ, ಉಳಿದಿರುವ ಕಿವಿಗೂ ಅಪಾಯ ತರುವ ಸೂಚನೆ.

ಮತ್ತೆ ಆ ಅತ್ತೆಯ ಪಾಕೆಟ್ ಮಿಷಿನ್‌ಗೆ ಬರೋಣ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ, ಅದರಿಂದ ಕಿವಿಗೆ ಒಂದು ವೈರು, ಒಳಗೆ ಪೆನ್ ಸೆಲ್. ಅದರ ಮೈಕು ಎದೆಯ ಮೇಲಿದೆ. ಸೀರೆಯ ಸೆರಗು ಅದಕ್ಕೆ ಉಜ್ಜಿದಾಗಲೆಲ್ಲ ಕಿವಿಯಲ್ಲಿ ಬಿರುಗಾಳಿ ಎದ್ದಂತೆ. ನಾನು ಕಿವಿಗಿಟ್ಟು ನೋಡಿದೆ. ಎಲ್ಲಕ್ಕಿಂತ ಮುಂದೆ ಕೇಳಿದ್ದು ತಲೆಯ ಮೇಲಿನ ಫ್ಯಾನು. ಫಾಲ್ಗುಣದಿಂದಲೇ ಹಗಲೂ ರಾತ್ರಿ ಫ್ಯಾನು ತಿರುಗುವ ಬಳ್ಳಾರಿ ಸೀಮೆಯಲ್ಲಿ ಇಳಿಸ್ಥಾಯಿಯನ್ನು ಎತ್ತುವ ಯಂತ್ರ ಎಂದರೆ ಫ್ಯಾನಿನ ಸದ್ದನ್ನು ಎತ್ತುವ ಯಂತ್ರವೇ. ಇದರ ಒಳ್ಳೆಯ ಗುಣವನ್ನೂ ಹೇಳಬೇಕು. ಗುಂಡಿ ದೊಡ್ಡದು, ನಡುಗುವ ಬೆರಳಿಗೂ ಸಿಗುತ್ತದೆ. ಸೆಲ್ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಕಿವಿಯ ಹಿಂದೆ ಹಾಕುವ ಯಂತ್ರದ ಗುಂಡು ಸೆಲ್ಲಿಗೆ ಪೇಟೆಗೇ ಹೋಗಬೇಕು, ಕಿತ್ತಳೆ ಸ್ಟಿಕರಿನ 13 ನಂಬರೋ ನೀಲಿಯ 675ಓ ಎಂದು ನೆನಪಿಟ್ಟು ಕೇಳಬೇಕು. ಗಾಳಿ ಸೋಕಿ ಕೆಲಸ ಮಾಡುವ ಈ ಸೆಲ್ಲುಗಳು, ಸ್ಟಿಕರು ಒಮ್ಮೆ ಕಿತ್ತ ಮೇಲೆ, ಬಳಸಲಿ ಬಿಡಲಿ ಇಳಿಯುತ್ತಲೇ ಹೋಗುತ್ತವೆ. ನಮ್ಮ ಬೇಸಿಗೆಯ ಒಣಗಾಳಿಯಲ್ಲಿ ಒಳಗಿನ ತೇವ ಆರಿ ಇನ್ನೂ ಬೇಗ. ಚಾರ್ಜು ಮಾಡುವ ಯಂತ್ರ ಕೈಗೆಟಕುವಂತಿದ್ದರೆ ಈ ಊರುಗಳಿಗೆ ಅದೇ ಮೇಲು ಎಂದು ನನ್ನ ಅಭಿಪ್ರಾಯ. ಯಾವುದೇ ಇರಲಿ, ಕಿವಿಗೆ ಕೂರುವ ಮೊಗ್ಗು ಸಡಿಲವಿದ್ದರೆ ಹೊರಬಿದ್ದ ಸದ್ದು ಮತ್ತೆ ಮೈಕಿಗೆ ಹೋಗಿ ಸಿಳ್ಳೆ ಹೊಡೆಯುತ್ತದೆ. ಕಿವಿಯ ಅಳತೆಗೆ ಮಾಡಿಸಿದ ಅಚ್ಚು ಅದನ್ನು ತಡೆಯುತ್ತದೆ.

ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ ನಮ್ಮ ನಾಲಗೆಯಲ್ಲೇ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1965ರಲ್ಲಿ ಆರಂಭವಾದದ್ದು, ಕನ್ನಡಕ್ಕೆ ಈ ವಿಷಯದಲ್ಲಿ ದೊಡ್ಡ ಉಪಕಾರ ಮಾಡಿದೆ. ಅಲ್ಲಿ ಆಶಾ ಯತಿರಾಜ್ ಮತ್ತು ವಿಜಯಲಕ್ಷ್ಮಿ 2005ರಲ್ಲಿ ಕನ್ನಡದ ಧ್ವನಿಗಳು ಬಳಕೆಯ ಪ್ರಮಾಣದಲ್ಲೇ ಬರುವಂತೆ ಪದಪಟ್ಟಿಗಳನ್ನು ಸಿದ್ಧಪಡಿಸಿದರು. ತಜ್ಞರಲ್ಲಿಗೆ ಹೋದಾಗ “ಕನ್ನಡದ ಪದಗಳಿಂದಲೇ ಪರೀಕ್ಷೆ ಮಾಡಿ” ಎಂದು ಕೇಳುವ ಹಕ್ಕು ಪ್ರತಿ ಹಿರಿಯರಿಗೂ ಇದೆ. ಅಂಗಡಿಯಲ್ಲಾದರೆ ಮನೆಯವರೊಬ್ಬರು ಒಂದು ಮಾರು ದೂರದಲ್ಲಿ, ತುಟಿ ಕಾಣದಂತೆ ಹಿಂದೆ ನಿಂತು, ದನಿ ಏರಿಸದೆ ಹಾಲು, ಕಾಲು, ಸಾಲು, ಪಾಲು, ಕತ್ತೆ, ಪತ್ತೆ, ತಲೆ, ಕಲೆ, ಸೆಲೆ ಎಂದು ಕಲಸಿ ಹೇಳಲಿ. ಮೊದಲು ಬರಿಗಿವಿಗೆ, ಆಮೇಲೆ ಯಂತ್ರ ತೊಡಿಸಿ, ಕೊನೆಗೆ ಫ್ಯಾನು ಹಾಕಿ. ಫ್ಯಾನು ತಿರುಗುವಾಗ ಯಂತ್ರ ತೊಟ್ಟ ಫಲ ಬರಿಗಿವಿಗಿಂತ ಕೆಳಗಿದ್ದರೆ ಆ ಯಂತ್ರ ಎಷ್ಟು ಅಗ್ಗವಾದರೂ ಬೇಡ. ಕೈಯಲ್ಲಿ ಸ್ಮಾರ್ಟ್‌ಫೋನ್ ಇದ್ದರೆ ಒಂದು ಪೈಸೆ ಖರ್ಚಿಲ್ಲದೆ ಇನ್ನೊಂದನ್ನೂ ನೋಡಬಹುದು: ಗೂಗಲ್‌ನ ‘ಸೌಂಡ್ ಆಂಪ್ಲಿಫೈಯರ್’ ಹಾಕಿ, ವೈರಿನ ಇಯರ್‌ಫೋನ್ ಕೊಟ್ಟು, ಏರುಸ್ಥಾಯಿಯನ್ನಷ್ಟೇ ಹೆಚ್ಚಿಸಿ ಕೇಳಿಸುವುದು. ಎದುರುಬದುರು ಕೂತು ಆಡುವ ಮಾತಿಗೆ ಕೆಲವರಿಗೆ ಅದೇ ಸಾಕಾದೀತು.

ಇವೆಲ್ಲಕ್ಕೂ ಮೊದಲು ಗುಗ್ಗೆ ತೆಗೆಸಬೇಕು. ಒಂದೇ ಕಿವಿ ಮಂದವಾಗಿದ್ದರೆ, ದಿಢೀರನೆ ಕೇಳದಂತಾದರೆ, ಕಿವಿ ಸೋರುತ್ತಿದ್ದರೆ, ತಲೆ ಸುತ್ತುತ್ತಿದ್ದರೆ ಯಂತ್ರದ ಮಾತು ಬಿಟ್ಟು ವೈದ್ಯರಲ್ಲಿಗೆ ಹೋಗಬೇಕು.

ಕುರುಗೋಡಿನಿಂದ ಬಳ್ಳಾರಿ 30 ಕಿ.ಮೀ. ಆಸುಪಾಸು, ಸಿರುಗುಪ್ಪದಿಂದ 50ಕ್ಕೂ ಹೆಚ್ಚು. ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ, 1961ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನ ಕಿವಿ, ಮೂಗು, ಗಂಟಲು ವಿಭಾಗಕ್ಕೆ ಒಬ್ಬ ಹಿರಿಯರನ್ನು ಕರೆತರಬೇಕಾದರೆ ಮನೆಯ ಒಬ್ಬರ ಒಂದು ದಿನದ ಕೂಲಿ ಹೋಗುತ್ತದೆ. ಮನೆ ಹತ್ತಿರದ ಅಂಗಡಿಯ ಯಂತ್ರ ಗೆಲ್ಲುವುದು ಇಲ್ಲಿಯೇ. ಸರ್ಕಾರದ ನೆರವು ಇದೆ, ಆದರೆ ನಡುವೆ ಒಂದು ಬಿರುಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ‘ಮಂದ ಶ್ರವಣ’ ಎಂದು ಗುರುತಿಸುವುದು ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟವಾದವರನ್ನು. ಕೇಂದ್ರ ಸರ್ಕಾರದ ‘ಅಡಿಪ್’ ಯೋಜನೆಯ ಉಚಿತ ಯಂತ್ರಕ್ಕೆ ಶೇ. 40ರ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯಾದರೋ 35 ಡೆಸಿಬೆಲ್‌ನಿಂದಲೇ ಮಧ್ಯಮ ನಷ್ಟ ಎಂದು ಎಣಿಸುತ್ತದೆ. 50 ಡೆಸಿಬೆಲ್‌ನ ಅಜ್ಜಿಗೆ ಮಾತು ತಿಳಿಯುವುದಿಲ್ಲ, ಕಾಯ್ದೆಯ ಕಣ್ಣಿಗೆ ಅವರು ಬೀಳುವುದೂ ಇಲ್ಲ. ಈ ಬಿರುಕನ್ನು ಸ್ವಲ್ಪ ಮುಚ್ಚುವುದು 2017ರ ಏಪ್ರಿಲ್ 1ರಂದು ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆ. ಬಡ ಕುಟುಂಬದ, 60 ದಾಟಿದ ಹಿರಿಯರಿಗೆ ಶಿಬಿರಗಳಲ್ಲಿ ತಪಾಸಣೆ ಮಾಡಿ, ಕಾನ್ಪುರದ ಅಲಿಮ್ಕೊ ಸಂಸ್ಥೆಯ ಮೂಲಕ ಕೈಗೋಲು, ಕನ್ನಡಕ, ಹಲ್ಲುಕಟ್ಟಿನ ಜೊತೆಗೆ ಕಿವಿಯಂತ್ರವನ್ನೂ ಕೊಡುತ್ತಾರೆ. ಶಿಬಿರ ಮುಗಿದ ಮೇಲೆ ಅಚ್ಚು ಸಡಿಲವಾದರೆ, ವೈರು ತುಂಡಾದರೆ ಯಾರನ್ನು ಕೇಳುವುದು? ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಕಿವಿಯಂತ್ರ ಹೊಂದಿಸಿ ರಿಪೇರಿ ಮಾಡಿಕೊಡುವ ವ್ಯವಸ್ಥೆ ಇರಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಕೊಟ್ಟ ಯಂತ್ರ ಕಿವಿಯಲ್ಲಿ ಉಳಿಯುವುದು ಅದರಿಂದಲೇ.

ಸಿರುಗುಪ್ಪದ ಆ ಮನೆಗೆ ನಾಲ್ಕು ತಿಂಗಳ ನಂತರ ಮತ್ತೆ ಹೋದೆ. ಗುಗ್ಗೆ ತೆಗೆಸಿದ್ದರು. ತಪಾಸಣೆಯಲ್ಲಿ ಎರಡೂ ಕಿವಿ 50 ಡೆಸಿಬೆಲ್ ಆಸುಪಾಸು ಬಂದಿತ್ತು. ಅಚ್ಚು ಹಾಕಿದ, ಕಿವಿಯ ಹಿಂದೆ ಕೂರುವ ಸಾದಾ ಡಿಜಿಟಲ್ ಯಂತ್ರವೊಂದನ್ನು ಮಗ ಕಂತಿನಲ್ಲಿ ಕೊಡಿಸಿದ್ದ. ಸೊಸೆಯನ್ನು ಅತ್ತೆಯ ಹಿಂದೆ ನಿಲ್ಲಿಸಿ, ಫ್ಯಾನು ಹಾಕಿ, ಪದಗಳನ್ನು ಹೇಳಿಸಿದೆ. ಕಾಲು ಎಂದರೆ ಕಾಲು, ಸಾಲು ಎಂದರೆ ಸಾಲು, ಹಾಲು ಎಂದರೆ ಹಾಲು. ಪಾಲು ಎಂದಾಗ ಮಾತ್ರ ಅವರು ಮತ್ತೆ “ಹಾಲು” ಎಂದರು. ತಪ್ಪಾಯಿತು ಎಂದು ಸೊಸೆ ಹೇಳಿದ್ದೇ ತಡ, ಆಂಧ್ರದ ಆದೋನಿ ಕಡೆಯ ತವರಿನ ಆ ಹಿರಿಯರು ತಿರುಗಿ ನೋಡಿ, “ತಪ್ಪು ಹೆಂಗಾತು? ನಮ್ಮವ್ವನ ಮನಿಯಾಗ ಎರಡೂ ಒಂದೇ” ಎಂದರು.