ಅಂಬಾರಿ ಹೊರುವ ಬೆನ್ನು: ಕಾಕನಕೋಟೆ ಆನೆಯ ಬೆನ್ನುಮೂಳೆಯ ರಚನೆ

ಮೈಸೂರು ಜಿಲ್ಲೆ ಎಚ್.ಡಿ.ಕೋಟೆ ತಾಲ್ಲೂಕಿನ ಕಾಕನಕೋಟೆ ಕಾಡು ಖೆಡ್ಡಾಕ್ಕೆ ಹೆಸರಾದುದು. ಇಲ್ಲಿನ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1968ರಲ್ಲಿ ಈ ಕಾಡಿನಲ್ಲಿ ಸೆರೆಯಾದ ಅರ್ಜುನ, ಮುಂದೆ 2012ರಿಂದ 2019ರವರೆಗೆ ಎಂಟು ಬಾರಿ ದಸರಾ ಅಂಬಾರಿಯನ್ನು ಹೊತ್ತನು. ಸುಮಾರು 750 ಕೆ.ಜಿ. ತೂಗುವ ಆ ಅಂಬಾರಿಯನ್ನು ತಾಳಿಕೊಳ್ಳುವ ಬೆನ್ನಿನ ರಚನೆ ಎಂತಹುದು?

ಐದು ಸಾವಿರ ಕೆ.ಜಿ.ಗೂ ಮಿಕ್ಕಿದ ಆನೆಗೆ ಈ ಹೊರೆ ಮೈತೂಕದ ಏಳನೇ ಒಂದು ಭಾಗ. 60 ಕೆ.ಜಿ. ತೂಕದ ಮನುಷ್ಯ ಎಂಟೂವರೆ ಕೆ.ಜಿ. ಚೀಲ ಹೊತ್ತಂತೆ ಎನ್ನಬಹುದು. ಆದರೆ ಈ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ. ಹೊರೆ ಎಷ್ಟು ಎಂಬುದಕ್ಕಿಂತ ಅದು ಮೂಳೆಯ ಮೇಲೆ ಯಾವ ದಿಕ್ಕಿನಿಂದ ಬೀಳುತ್ತದೆ ಎಂಬುದೇ ಮುಖ್ಯ.

ಮನುಷ್ಯನ ಬೆನ್ನುಮೂಳೆಯಲ್ಲಿ ಹುಟ್ಟಿನಲ್ಲಿ ಸಾಮಾನ್ಯವಾಗಿ 33 ಕಶೇರುಮಣಿಗಳಿರುತ್ತವೆ: ಕತ್ತಿನಲ್ಲಿ 7, ಎದೆಭಾಗದಲ್ಲಿ 12, ಸೊಂಟದಲ್ಲಿ 5; ಉಳಿದವು ಬೆಳೆದಂತೆ ಒಂದಕ್ಕೊಂದು ಬೆಸೆದು ತ್ರಿಕಾಸ್ಥಿ ಮತ್ತು ಬಾಲಮೂಳೆಯಾಗುತ್ತವೆ. ಮಣಿಗಳ ನಡುವೆ 23 ಡಿಸ್ಕ್‌ಗಳು ಮೆತ್ತೆಗಳಂತೆ ಕೂತಿವೆ. ಮಣಿಗಳ ನಡುವಣ ಕೊಳವೆಯಲ್ಲಿ ಬೆನ್ನುಹುರಿ ಸಾಗುತ್ತದೆ. ನಾವು ನೆಟ್ಟಗೆ ನಿಲ್ಲುವುದರಿಂದ ಭಾರವು ಕಂಬದ ಉದ್ದಕ್ಕೂ ಕೆಳಗಿಳಿಯುತ್ತದೆ. ಸೊಂಟದ ಕೊನೆಯ ಎರಡು ಡಿಸ್ಕ್‌ಗಳು ಹೆಚ್ಚು ಸವೆಯುವುದು ಇದರಿಂದಲೇ.

ಆನೆಯ ಕತ್ತಿನಲ್ಲಿಯೂ ಏಳೇ ಮಣಿಗಳು. ಆದರೆ ಎದೆಭಾಗದಲ್ಲಿ 19ರಿಂದ 21 ಮಣಿಗಳಿದ್ದು, ಅವುಗಳಿಗೆ ಅಂಟಿದ ಪಕ್ಕೆಲುಬುಗಳು ಸೊಂಟದ ಮೂಳೆಯ ಸಮೀಪದವರೆಗೂ ಚಾಚಿವೆ. ಸೊಂಟದ ಮಣಿಗಳು ಮೂರರಿಂದ ಐದು ಮಾತ್ರ. ಹೀಗಾಗಿ ಮಧ್ಯಭಾಗ ಹೆಚ್ಚು ಬಾಗದು. ಏಷ್ಯಾದ ಆನೆಯ ಬೆನ್ನು ಕಮಾನಿನಂತೆ ಮೇಲಕ್ಕೆ ಉಬ್ಬಿದೆ. ಇದನ್ನು ಬಿಲ್ಲಿಗೆ ಹೋಲಿಸಿದರೆ ಹೊಟ್ಟೆಯ ಸ್ನಾಯುಗಳೇ ಹೆದೆ. ಅವು ಬಿಗಿದಿರುವುದರಿಂದ ಕಮಾನು ಕುಸಿಯದೆ ನಿಲ್ಲುತ್ತದೆ. ಭಾರಿ ತಲೆಯನ್ನು ಎತ್ತಿ ಹಿಡಿಯಲು ಕತ್ತಿನ ಮೇಲ್ಭಾಗದಲ್ಲಿ ದಪ್ಪನೆಯ ಅಸ್ಥಿರಜ್ಜುವಿದೆ.

ಈ ಕಮಾನು ಕೆಳಗೆ ತೂಗುವ ಒಡಲನ್ನು ಹಿಡಿದಿಡಲು ತಕ್ಕದ್ದು, ಮೇಲಿನಿಂದ ಒತ್ತುವ ಹೊರೆಗಲ್ಲ. ಪ್ರತಿ ಮಣಿಯಿಂದಲೂ ಒಂದೊಂದು ಮುಳ್ಳುಮೂಳೆ ಮೇಲಕ್ಕೆ ಚಾಚಿದೆ. ಅದರ ತುದಿಯ ಮೇಲೆ ಮಾಂಸದ ಹೊದಿಕೆ ತೀರ ತೆಳು. ಹೊರೆ ನೇರವಾಗಿ ಅಲ್ಲಿ ಕೂತರೆ ಚರ್ಮ ಉಜ್ಜಿ ಹುಣ್ಣಾಗುತ್ತದೆ, ಕೀವು ತುಂಬುತ್ತದೆ. ಆನೆಯ ಬೆನ್ನನ್ನು ಮೇಜಿನಂತೆ ಭಾವಿಸುವ ನೋಡುಗರಿಗೆ ಇದು ತಿಳಿಯದಿದ್ದರೂ ಮಾವುತರಿಗೆ ಚೆನ್ನಾಗಿ ಗೊತ್ತು. ಅಂಬಾರಿ ಕಟ್ಟುವ ಮುನ್ನ ನಮ್ದಾ ಹಾಸಿ, ಅದರ ಮೇಲೆ ಗಾದಿ ಬಿಗಿಯುವುದು ಅಲಂಕಾರಕ್ಕಲ್ಲ. ಭಾರವು ಮುಳ್ಳುಮೂಳೆಗಳನ್ನು ಬಿಟ್ಟು ಎರಡೂ ಬದಿಯ ಪಕ್ಕೆಲುಬುಗಳಿಗೆ ಹಂಚಿಹೋಗಲೆಂದು. ಹೊರೆ ಒಂದು ಬದಿಗೆ ವಾಲಿದರೆ ಹಗ್ಗ ಸಡಿಲಿಸಿ ಮತ್ತೆ ಕಟ್ಟಲೇಬೇಕು. ಮೊದಲು ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ ಎಂದು ವಾರಗಟ್ಟಲೆ ತಾಲೀಮು ನಡೆಯುವುದು ಸ್ನಾಯುಗಳು ಹಂತಹಂತವಾಗಿ ಹೊಂದಿಕೊಳ್ಳಲೆಂದೇ.

ವಯಸ್ಸಾದಂತೆ ಕೀಲುಗಳು ಸವೆದು ಸ್ನಾಯುಗಳು ಸೊರಗುವುದು ಆನೆಗೂ ತಪ್ಪದು. 60 ವರ್ಷ ಮೀರಿದ ಆನೆಗೆ ಅಂಬಾರಿ ಹೊರಿಸದಿರುವ ನಿಯಮದಂತೆ ಅರ್ಜುನನನ್ನು ಬಿಟ್ಟು 2020ರಲ್ಲಿ ಅಭಿಮನ್ಯುವನ್ನು ಆರಿಸಲಾಯಿತು. ಕಾಕನಕೋಟೆ ಸಮೀಪದ ಬಳ್ಳೆ ಶಿಬಿರದಲ್ಲಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ಕಾದಾಟದಲ್ಲಿ ಮಡಿದನು. 2025ರ ದಸರೆಯ ಹೊತ್ತಿಗೆ ಅಭಿಮನ್ಯುವಿನ ವಯಸ್ಸು 59.